ನಾಲ್ಕು ತೂತು ಹೊಂದಿದರೆ ಸಾಕೇ?

ನಮಸ್ಕಾರ. ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ, ಒಂದು ಕಾರಿನಿಂದ ಬಿಚ್ಚಿದ ಅಲಾಯ್ ಚಕ್ರಗಳನ್ನು ಇನ್ನೊಂದು ಕಾರಿಗೆ ಮಾರುವಾಗ ನಡೆಯುವ ಪರೀಕ್ಷೆ ಸಾಮಾನ್ಯವಾಗಿ ಒಂದೇ: ತೂತುಗಳು ಸ್ಟಡ್‌ಗಳಿಗೆ (ನಟ್ ಬಿಗಿಯುವ ತಿರುಪುಮೊಳೆಗಳಿಗೆ) ಸರಿಬಂದರೆ "ಕೂರುತ್ತೆ ಸಾರ್" ಎಂದು ತೀರ್ಮಾನಿಸುವುದು. ಬಯಲುಸೀಮೆಯ ನೇರ ರಸ್ತೆಯಲ್ಲಿ ಈ ತೀರ್ಮಾನ ಹೇಗೋ ಸಾಗೀತು. ಆದರೆ ಚಾರ್ಮಾಡಿ, ಶಿರಾಡಿಗಳನ್ನು ಹತ್ತಿ ಇಳಿಯಬೇಕಾದ ನಮಗೆ ಅದು ಏನೇನೂ ಸಾಲದು ಎಂಬುದು ನನ್ನ ವಾದ.

ಸ್ಟಡ್‌ಗಳ ನಡುಬಿಂದುಗಳನ್ನು ಹಾದುಹೋಗುವ ವೃತ್ತದ ವ್ಯಾಸಕ್ಕೆ ಪಿಸಿಡಿ ಎನ್ನುತ್ತಾರೆ. ಸ್ವಿಫ್ಟ್, ಐ10, ಹೋಂಡಾ ಸಿಟಿ ಮೂರರಲ್ಲೂ ಅದು ನಾಲ್ಕು ತೂತಿಗೆ 100 ಮಿಲಿಮೀಟರ್. ಹಳೆಯ ಮಾರುತಿ 800ರಲ್ಲಿಯೂ ತೂತು ನಾಲ್ಕೇ, ಆದರೆ ಅಳತೆ 114.3. ನಾಲ್ಕು ತೂತಿನದನ್ನು ಎದುರುಬದುರಾಗಿ ಅಳೆದರಾಯಿತು. ಐದು ತೂತಿನಲ್ಲಿ ಎದುರುಬದುರು ಎಂಬುದೇ ಇಲ್ಲದಿರುವುದರಿಂದ, ನಡುವೆ ಒಂದನ್ನು ಬಿಟ್ಟು ಎರಡು ತೂತುಗಳ ನಡುಬಿಂದುಗಳ ಅಂತರವನ್ನು ಅಳೆದು 1.05ರಿಂದ ಗುಣಿಸಬೇಕು. ಇಲ್ಲಿ ದೊಡ್ಡ ವ್ಯತ್ಯಾಸಕ್ಕಿಂತ ಸಣ್ಣ ವ್ಯತ್ಯಾಸವೇ ಅಪಾಯಕಾರಿ. 112ರ ಚಕ್ರವನ್ನು 114.3ರ ಹಬ್‌ಗೆ, ಅಂದರೆ ಕಾರಿನಲ್ಲಿ ಚಕ್ರ ಕೂರುವ ಭಾಗಕ್ಕೆ, ಬಲವಂತದಿಂದ ಬಿಗಿದರೆ ನಟ್‌ಗಳು ಹಿಡಿದಂತೆಯೇ ತೋರುತ್ತವೆ, ಆದರೆ ಸ್ಟಡ್‌ಗಳು ಓರೆಯಾಗಿ ಎಳೆತಕ್ಕೆ ಸಿಕ್ಕಿಕೊಂಡಿರುತ್ತವೆ.

ಪಿಸಿಡಿ ಹೊಂದಿದ ಮೇಲೂ ಮೋಸ ಹೋಗುವುದು ನಡುವಿನ ದೊಡ್ಡ ತೂತಿನಲ್ಲಿ. ಸ್ವಿಫ್ಟ್ ಚಕ್ರದಲ್ಲಿ ಅದು 54.1 ಮಿಲಿಮೀಟರ್, ಹೋಂಡಾ ಸಿಟಿಯಲ್ಲಿ 56.1. ಹೀಗಾಗಿ ಸ್ವಿಫ್ಟ್‌ನ ಚಕ್ರ ಸಿಟಿಯ ಹಬ್‌ನ ಮೇಲೆ ಹೋಗುವುದೇ ಇಲ್ಲ; ಸಿಟಿಯದು ಸ್ವಿಫ್ಟ್‌ಗೆ ಸಲೀಸಾಗಿ ಹೋಗುತ್ತದೆ, ಮತ್ತು ಸಲೀಸಾಗಿ ಹೋಗುವುದೇ ತೊಂದರೆ. ಚಕ್ರ ಹಬ್‌ನ ನಡುವಿಗೆ ತಾನಾಗಿ ಕೂರದೆ, ಅದನ್ನು ನಡುವಿಗೆ ತರುವ ಕೆಲಸವೆಲ್ಲ ನಟ್‌ಗಳ ಮೇಲೆ ಬೀಳುತ್ತದೆ. ವೇಗ ಹೆಚ್ಚಿದಾಗ ಸ್ಟಿಯರಿಂಗ್ ನಡುಗುವುದಕ್ಕೆ ಇದೊಂದು ಕಾರಣ. ಹಬ್ ರಿಂಗ್ ಹಾಕಿ ಈ ಸಂದನ್ನು ತುಂಬಬಹುದು, ಅದು ದುಬಾರಿಯೂ ಅಲ್ಲ. ಆದರೆ ಹೋಂಡಾದ ಮೂಲ ಚಕ್ರದಲ್ಲಿ ನಟ್ ಕೂರುವ ಗುಳಿ ಗುಂಡಗಿರುತ್ತದೆ, ಸ್ವಿಫ್ಟ್‌ನ ನಟ್ ಶಂಕುವಿನಂತೆ ಚೂಪಾಗಿರುತ್ತದೆ. ಗುಂಡುಗುಳಿಯಲ್ಲಿ ಶಂಕು ಕೂತರೆ ಅವು ತಾಗುವುದು ಒಂದು ತೆಳುಗೆರೆಯಲ್ಲಿ ಮಾತ್ರ. ಹೋಂಡಾದ ನಟ್ಟನ್ನೇ ತಂದು ಹಾಕೋಣವೆಂದರೆ ಅದರ ಮರೆ (ತಿರುಪಿನ ಸುತ್ತುಗಳ ನಡುವಿನ ಅಂತರ) 1.5 ಮಿಲಿಮೀಟರ್, ಸ್ವಿಫ್ಟ್ ಸ್ಟಡ್‌ನ ಮರೆ 1.25. ಸ್ಟಡ್‌ಗೆ ಸರಿಯಾದ ಮರೆಯೂ ಚಕ್ರಕ್ಕೆ ಸರಿಯಾದ ಗುಂಡುತಲೆಯೂ ಇರುವ ನಟ್ಟನ್ನು ಹುಡುಕಬೇಕು. "ಇರೋ ನಟ್ಟೇ ಸಾಕು" ಎಂದು ಹೇಳುವ ಅಂಗಡಿಯಿಂದ ಎದ್ದು ಬರುವುದು ಒಳ್ಳೆಯದೆಂದು ನಾನು ಹೇಳುತ್ತೇನೆ.

ಇನ್ನು ಆಫ್‌ಸೆಟ್, ಅಂದರೆ ಚಕ್ರದ ಅಗಲದ ನಡುಗೆರೆಯಿಂದ ಅದು ಹಬ್‌ಗೆ ತಾಗುವ ಮೈಗಿರುವ ದೂರ, ಮಿಲಿಮೀಟರ್‌ನಲ್ಲಿ. ಚಕ್ರದ ಒಳಮೈಯಲ್ಲಿ ಇಟಿ 45 ಎಂದೋ ಇಟಿ 35 ಎಂದೋ ಅಚ್ಚಾಗಿರುತ್ತದೆ. ಮಣ್ಣು ಒರೆಸಿ ಓದಿಕೊಳ್ಳಿ. 6 ಇಂಚು ಅಗಲದ ಇಟಿ 45 ಚಕ್ರವನ್ನು ತೆಗೆದು 7 ಇಂಚಿನ ಇಟಿ 35 ಹಾಕಿದರೆ, ಹೊರಅಂಚು 22.7 ಮಿಲಿಮೀಟರ್ ಆಚೆಗೆ ಬರುತ್ತದೆ. ಖಾಲಿ ಕಾರನ್ನು ಅಂಗಡಿಯ ಸಮತಟ್ಟು ನೆಲದಲ್ಲಿ ನಿಲ್ಲಿಸಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಐದು ಜನ ಕೂತು, ಡಿಕ್ಕಿಯಲ್ಲಿ ಸಾಮಾನು ತುಂಬಿ, ಕೈಮರದಿಂದ ಮುಳ್ಳಯ್ಯನಗಿರಿಗೆ ಹೋಗುವ ಹೇರ್‌ಪಿನ್ ತಿರುವಿನಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರು ಫೆಂಡರ್‌ಗೆ ಉಜ್ಜುತ್ತದೆಯೋ ಎಂಬುದೇ ನಿಜವಾದ ಪರೀಕ್ಷೆ. ಅಂಗಡಿಯಲ್ಲಿಯೇ ಜನರನ್ನು ಕೂರಿಸಿ ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ, ಕಡ್ಡಿಗಳ ಹಿಂಭಾಗ ಬ್ರೇಕ್ ಕ್ಯಾಲಿಪರ್‌ಗೆ ತಾಗುವುದೋ ಎಂಬುದನ್ನೂ ಚಕ್ರ ತಿರುಗಿಸಿ ಖಚಿತಪಡಿಸಿಕೊಳ್ಳಿ.

ತೋಟದ ಮನೆಗಳಲ್ಲಿ ಹಳೆಯ ಇನ್ನೋವಾಗೆ ಅದರ ನಂತರದ ಮಾದರಿಯಾದ ಕ್ರಿಸ್ಟಾದ ಚಕ್ರ ಹಾಕಿಸುವ ಆಸೆ ಹಲವರಿಗಿದೆ. ಎರಡರಲ್ಲೂ ಐದು ತೂತು, 114.3, ನಡುತೂತು 60.1, ಇಷ್ಟರ ಮಟ್ಟಿಗೆ ನೆಮ್ಮದಿ. ಆದರೆ ಹಳೆಯದರ 205/65 ಆರ್15 ಟೈರಿನ (ಅಗಲ 205 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡಾ 65, ಚಕ್ರ 15 ಇಂಚು) ಎತ್ತರ ಸುಮಾರು 648 ಮಿಲಿಮೀಟರ್, ಕ್ರಿಸ್ಟಾದ 205/65 ಆರ್16ರದು ಸುಮಾರು 673. ಶೇಕಡಾ ನಾಲ್ಕರಷ್ಟು ಹೆಚ್ಚಳ: ಸ್ಪೀಡೋಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ, ಘಾಟಿಯ ಏರಿನಲ್ಲಿ ಎಳೆತವೂ ಅಷ್ಟು ಕುಗ್ಗುತ್ತದೆ. ಇದಕ್ಕೆ ಹೋಲಿಸಿದರೆ ಸ್ವಿಫ್ಟ್‌ನ 165/80 ಆರ್14ರಿಂದ 185/65 ಆರ್15ಕ್ಕೆ ಹೋಗುವುದರಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸವೂ ಇಲ್ಲ. ಆದರೂ ಮಳೆಗಾಲದ ಗುಂಡಿಗಳನ್ನು ನೆನೆದರೆ, ನನ್ನ ಓಟು ಪಕ್ಕೆ ಎತ್ತರವಿರುವ ಹದಿನಾಲ್ಕು ಇಂಚಿನದಕ್ಕೇ.

ಪಿಸಿಡಿ ಬದಲಿಸುವ ಅಡಾಪ್ಟರ್‌ಗಳನ್ನು ಘಾಟಿಯಲ್ಲಿ ಓಡುವ ಗಾಡಿಗೆ ನಾನಂತೂ ಒಪ್ಪುವುದಿಲ್ಲ, ಎಷ್ಟು ಅಗ್ಗವಾಗಿ ಸಿಕ್ಕರೂ. ಹೊಂದುವ ಚಕ್ರವನ್ನೇ ಹಾಕಿಸಿದ ಮೇಲೂ ಐವತ್ತರಿಂದ ನೂರು ಕಿಲೋಮೀಟರ್ ಓಡಿಸಿ, ಕಾರಿನ ಕೈಪಿಡಿಯಲ್ಲಿರುವ ಟಾರ್ಕ್‌ಗೆ (ಬಿಗಿಯುವ ಬಲದ ಅಳತೆಗೆ) ನಟ್‌ಗಳನ್ನು ಮತ್ತೊಮ್ಮೆ ಬಿಗಿಸಿಕೊಳ್ಳಬೇಕು; ಅಂಗಡಿಯವರು ನೆನಪಿಸಲಿ, ಬಿಡಲಿ.