ಪಂಗಡ ಯಾವುದು, ಕಲ್ಟ್ ಯಾವುದು?

ಕೇಳುಗರೆಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಒಂದು ಸುತ್ತು ಹಾಕಿದರೆ ಕ್ರೈಸ್ತರಲ್ಲಿ ಎಷ್ಟು ಬಗೆ ಇದೆ ಅಂತ ಗೊತ್ತಾಗುತ್ತದೆ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಪೂಜೆ. ಹಡ್ಸನ್ ಚರ್ಚಿನಲ್ಲಿ ಕನ್ನಡ ಆರಾಧನೆ. ಯಾವುದೋ ಬಡಾವಣೆಯ ಮೂರನೇ ಮಹಡಿಯಲ್ಲಿ ಗಿಟಾರು, ಡ್ರಮ್ಸು, ಚಪ್ಪಾಳೆ. ಆ ಮೂರನೇ ಮಹಡಿಯವರನ್ನು ಕಂಡರೆ ನಮ್ಮಲ್ಲಿ ಕೆಲವರು "ಅದೊಂದು ಕಲ್ಟ್" ಅಂದುಬಿಡುತ್ತಾರೆ, ಅಂದರೆ ಜನರನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಅಪಾಯಕಾರಿ ಗುಂಪು ಅಂತ. ಈ ಮಾತನ್ನು ಅಷ್ಟು ಸಲೀಸಾಗಿ ಆಡಬಾರದು.

ಪಂಗಡಗಳು ಇವತ್ತು ನಿನ್ನೆ ಹುಟ್ಟಿದ್ದಲ್ಲ. "ನಾನು ಪೌಲನವನು, ನಾನು ಅಪೊಲ್ಲೋಸನವನು" ಅಂತ ಕೊರಿಂಥದ ಸಭೆಯವರು ಮೊದಲನೇ ಶತಮಾನದಲ್ಲೇ ಕಿತ್ತಾಡಿದ್ದರು. ಹದಿನೆಂಟನೇ ಶತಮಾನದಲ್ಲಿ ಬೋಧಕ ಜಾನ್ ವೆಸ್ಲಿಗೆ ಇಂಗ್ಲೆಂಡಿನ ಎಷ್ಟೋ ಚರ್ಚುಗಳು ಬಾಗಿಲು ಮುಚ್ಚಿದವು. ಅವರು ಬಯಲಲ್ಲಿ ನಿಂತು ಬೋಧಿಸಿದರು. ಅವರ ಹಾದಿಯ ಮೆಥೊಡಿಸ್ಟರು, ಸೇಂಟ್ ಮಾರ್ಕ್ಸ್ ಕಟ್ಟಿದ ಆಂಗ್ಲಿಕನ್ನರು, ಅವೆನ್ಯೂ ರಸ್ತೆಯ ರೈಸ್ ಚರ್ಚಿನ ಲಂಡನ್ ಮಿಷನ್ ಪರಂಪರೆಯವರು, ಎಲ್ಲರೂ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಕೂಡಿಕೊಂಡು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಆದರು. ಬಿಷಪ್ ಬೇಕೋ ಬೇಡವೋ ಅನ್ನುವಂಥ ಜಗಳ ಎಷ್ಟೇ ಇದ್ದರೂ, ಯೇಸು ಯಾರು ಅನ್ನುವುದರಲ್ಲಿ ಅವರಿಗೆ ಭಿನ್ನಾಭಿಪ್ರಾಯ ಇರಲಿಲ್ಲ. ಯೇಸು ದೇವರೇ ಅಂತ 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪ್‌ಗಳ ಸಭೆ ಹೇಳಿಯಾಗಿತ್ತು.

ಹಾಗಾದರೆ ಆ ಬುಡವನ್ನೇ ಒಪ್ಪದವರು? ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರು ತ್ರಯೇಕ ದೇವರನ್ನು, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವುದನ್ನು, ಒಪ್ಪುವುದಿಲ್ಲ. ಅವರದು ತಪ್ಪು ಬೋಧನೆ ಎಂದೇ ನಾನೂ ನಂಬುತ್ತೇನೆ. ಆದರೆ ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತಿದ್ದ ಅವರ ಮೂರು ಮಕ್ಕಳನ್ನು ಕೇರಳದ ಶಾಲೆಯಿಂದ ಹೊರಹಾಕಿದಾಗ, ಸುಪ್ರೀಂ ಕೋರ್ಟ್ 1986ರಲ್ಲಿ ಆ ಮಕ್ಕಳ ಪರ ನಿಂತಿತು. ಅದು ನ್ಯಾಯವೇ. ಬೋಧನೆ ತಪ್ಪು ಅನ್ನಲು ನನಗೆ ಹಕ್ಕಿದೆ. ಅಷ್ಟಕ್ಕೇ ಆ ಜನರನ್ನು ಅಪಾಯಕಾರಿಗಳು ಅನ್ನಲು ಇಲ್ಲ.

ಅಮೆರಿಕದ ಪಾಸ್ಟರ್ ಜಿಮ್ ಜೋನ್ಸ್ ಕಥೆ ನೋಡಿ. ಅವನ ಪೀಪಲ್ಸ್ ಟೆಂಪಲ್ ಅಮೆರಿಕದ ಒಂದು ಹೆಸರುವಾಸಿ ಪಂಗಡಕ್ಕೆ ಸೇರಿದ್ದ ಸಭೆ. ಬಡವರಿಗೆ ಊಟ ಹಾಕುತ್ತಿತ್ತು, ಕರಿಯರನ್ನೂ ಬಿಳಿಯರನ್ನೂ ಒಟ್ಟಿಗೆ ಕೂರಿಸುತ್ತಿತ್ತು. 1978ರ ನವೆಂಬರ್ 18ರಂದು ಗಯಾನಾದ ಕಾಡಿನಲ್ಲಿ ಅವನ ಮಾತಿಗೆ 900ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು ಮೂರನೇ ಒಂದು ಪಾಲು ಮಕ್ಕಳು. ಹೊರಗಿನ ಬೋರ್ಡು ನೋಡಿದವರಿಗೆ ಇದು ಗೊತ್ತಾಗುವುದಾದರೂ ಹೇಗೆ?

ಹಾಗಾಗಿ ಬೋರ್ಡು ಬಿಟ್ಟು ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕು. ನಮ್ಮೂರಿನಲ್ಲಿ ಇದು ಬಹಳ ಸಲ ಪಿಜಿಯಿಂದ ಶುರುವಾಗುತ್ತದೆ. ಹಾಸನದಿಂದಲೋ ಬೀದರಿನಿಂದಲೋ ಕೆಲಸಕ್ಕೆ ಬಂದ ಹುಡುಗ, ಭಾನುವಾರ ಒಬ್ಬನೇ. ಯಾರೋ ಪ್ರೀತಿಯಿಂದ ಕರೆದು ಬಿರಿಯಾನಿ ಬಡಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಸಭೆಗಳೂ ಹೀಗೇ ಮಾಡುತ್ತವೆ. ಆಮೇಲೆ ವಾರಕ್ಕೊಂದು ಕೂಟ ದಿನಕ್ಕೊಂದಾಗುತ್ತದೆ. ಸಂಬಳದ ಸ್ಲಿಪ್ ತೋರಿಸು ಅನ್ನುತ್ತಾರೆ. ತಂಗಿಯ ನಿಶ್ಚಿತಾರ್ಥಕ್ಕೆ ಊರಿಗೆ ಹೋಗಲು ನಾಯಕರ ಅಪ್ಪಣೆ ಬೇಕು. ಪ್ರಶ್ನೆ ಕೇಳಿದರೆ "ಸೈತಾನ ನಿನ್ನಲ್ಲಿ ಮಾತಾಡುತ್ತಿದ್ದಾನೆ" ಅನ್ನುವ ಉತ್ತರ. ಬಿಟ್ಟು ಹೋದವರ ಹೆಸರನ್ನೂ ಎತ್ತುವ ಹಾಗಿಲ್ಲ. ಇಲ್ಲಿ ಕ್ರಿಸ್ತನ ಜಾಗದಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ. ನಾಲಿಗೆಯ ಮೇಲೆ ವಿಶ್ವಾಸ ಪ್ರಮಾಣ ಅಕ್ಷರ ತಪ್ಪದೆ ಇದ್ದರೂ ಅದು ಕಲ್ಟೇ.

ಇಂಥವರು ಲೂಕ 14ನ್ನು ಜಾಸ್ತಿ ಓದಿಸುತ್ತಾರೆ. ತಂದೆತಾಯಿಯನ್ನು ಹಗೆ ಮಾಡದವನು ಶಿಷ್ಯನಾಗಲಾರ ಅನ್ನುವ ಮಾತು ಅಲ್ಲಿದೆ. ಮಾರ್ಕ 7ನ್ನು ಮಾತ್ರ ಓದಿಸುವುದಿಲ್ಲ. ಅಪ್ಪ ಅಮ್ಮನಿಗೆ ಸಲ್ಲಬೇಕಾದದ್ದನ್ನು "ಇದು ಕೊರ್ಬಾನ್, ದೇವರಿಗೆ ಮುಡಿಪು" ಅಂತ ಹೇಳಿ ತಪ್ಪಿಸುವವರನ್ನು ಯೇಸು ಅಲ್ಲಿ ನೇರವಾಗಿ ಖಂಡಿಸುತ್ತಾನೆ. ಶಿಲುಬೆಯ ಮೇಲಿದ್ದಾಗಲೂ ತಾಯಿಯನ್ನು ನೋಡಿಕೊಳ್ಳಲು ಶಿಷ್ಯನಿಗೆ ಒಪ್ಪಿಸಿದವನು ಅವನು. ಹೆತ್ತವರ ಫೋನ್ ನಂಬರ್ ಬ್ಲಾಕ್ ಮಾಡಿಸುವವರು ಅವನ ಹೆಸರು ಹೇಗೆ ಎತ್ತುತ್ತಾರೆ? ಪೌಲ ಹೇಳಿದ್ದನ್ನೇ ಬೆರೋಯ ಅನ್ನುವ ಊರಿನ ಜನ ಗ್ರಂಥ ತೆಗೆದು ಪರೀಕ್ಷಿಸಿದರು, ಅದಕ್ಕೆ ಅವರಿಗೆ ಮೆಚ್ಚುಗೆಯೇ ಸಿಕ್ಕಿತು. ಇಂದಿನ ಪಾಸ್ಟರು ಪೌಲನಿಗಿಂತ ದೊಡ್ಡವರೇ?

ಮನೆಮಗ ಇಂಥ ಕಡೆ ಸಿಕ್ಕಿಬಿದ್ದರೆ ಬೈದು ಮನೆಗೆ ಸೇರಿಸದೆ ಇರಬೇಡಿ. "ನಿನ್ನವರು ನಿನ್ನನ್ನು ವಿರೋಧಿಸುತ್ತಾರೆ" ಅಂತ ಅಲ್ಲಿ ಮೊದಲೇ ಹೇಳಿಕೊಟ್ಟಿರುತ್ತಾರೆ, ನಿಮ್ಮ ಸಿಟ್ಟು ಅದನ್ನು ನಿಜ ಮಾಡಿಬಿಡುತ್ತದೆ. ವಾದಕ್ಕೆ ಇಳಿಯದೆ ಫೋನ್ ಮಾಡುತ್ತಿರಿ. ಹಬ್ಬಕ್ಕೆ ಕರೆಯಿರಿ, ಬರದಿದ್ದರೆ ಮುಂದಿನ ಹಬ್ಬಕ್ಕೂ ಕರೆಯಿರಿ. ಹಣ ಕೇಳಿದರೆ ಮಾತ್ರ ಕೊಡಬೇಡಿ, ಊಟಕ್ಕೆ ಬಾ ಅನ್ನಿ. ಅಲ್ಲಿ ಮಕ್ಕಳಿಗೆ ಔಷಧಿ ತಪ್ಪಿಸುತ್ತಿದ್ದಾರೆ, ಹೊಡೆಯುತ್ತಿದ್ದಾರೆ ಅಂತ ತಿಳಿದರೆ ಸಭೆಯ ಮರ್ಯಾದೆ ಅಂತ ಯೋಚಿಸುತ್ತಾ ಕೂರದೆ, ಆ ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ನಮಸ್ಕಾರ.