ಹೊಕ್ಕುಳಬಳ್ಳಿ ಬ್ಯಾಂಕಿಗೆ ದುಡ್ಡು ಕಟ್ಟುವ ಮುಂಚೆ

ನಮಸ್ಕಾರ. ಮನೆಯಲ್ಲಿ ಬಸುರಿ ಹೆಂಗಸು ಇದ್ದರೆ ಈ ಫೋನ್ ನಿಮಗೂ ಬಂದಿರಬಹುದು. "ಮೇಡಂ, ಮಗುವಿನ ಹೊಕ್ಕುಳಬಳ್ಳಿ ರಕ್ತ ಸ್ಟೋರ್ ಮಾಡಿಸಿ, ಮುಂದೆ ಯಾವ ಕಾಯಿಲೆ ಬಂದ್ರೂ ಸ್ಟೆಮ್ ಸೆಲ್ ರೆಡಿ ಇರುತ್ತೆ. ಇಎಂಐ ಕೂಡ ಇದೆ."

ನಾನು ಹೇಳುವುದು ಇಷ್ಟೇ. ಆ ದುಡ್ಡು ಕಟ್ಟಬೇಡಿ.

ಸ್ಟೆಮ್ ಸೆಲ್, ಅಂದರೆ ಹೊಸ ರಕ್ತಕಣ ಹುಟ್ಟಿಸುವ ಮೂಲ ಕಣ, ಸುಳ್ಳು ಅಂತಲ್ಲ. 1988ರಲ್ಲಿ ಪ್ಯಾರಿಸ್‌ನಲ್ಲಿ ಫ್ಯಾಂಕೋನಿ ಅನೀಮಿಯಾ (ಕೆಟ್ಟ ಜೀನ್‌ನಿಂದ ಮೂಳೆಮಜ್ಜೆ ಸೋಲುವ ಕಾಯಿಲೆ) ಇದ್ದ ಪುಟ್ಟ ಹುಡುಗನನ್ನು ಬಳ್ಳಿರಕ್ತ ಕೊಟ್ಟೇ ಉಳಿಸಿದರು. ಆದರೆ ಆ ರಕ್ತ ಅವನದಲ್ಲ, ಆಗಷ್ಟೇ ಹುಟ್ಟಿದ್ದ ತಂಗಿಯದು.

ಅವನದೇ ಯಾಕಾಗುತ್ತಿರಲಿಲ್ಲ? ಥಲಸ್ಸೀಮಿಯಾ ನೋಡಿ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದ ಮಗುವಿನ ಮೈ ಸರಿಯಾಗಿ ಹಿಮೋಗ್ಲೋಬಿನ್ ಮಾಡುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಹಾಗೆ ಹಾಕಿಸಿ ಹಾಕಿಸಿ ಮೈಯಲ್ಲಿ ಸೇರುವ ಕಬ್ಬಿಣ ತೆಗೆಯಲು ಮತ್ತೆ ಮಾತ್ರೆ. ಆ ಮಗುವಿನ ಬಳ್ಳಿರಕ್ತದಲ್ಲೂ ಅದೇ ಕೆಟ್ಟ ಜೀನ್ ಇರುತ್ತದಲ್ವಾ? ರೋಗ ಬಿದ್ದ ಬೆಳೆಯ ಬೀಜವನ್ನೇ ಎತ್ತಿಟ್ಟು ಮತ್ತೆ ಬಿತ್ತಿದ ಹಾಗೆ. ಲ್ಯುಕೇಮಿಯಾ ಅಂದರೆ ರಕ್ತದ ಕ್ಯಾನ್ಸರಿನಲ್ಲೂ ಸಾಮಾನ್ಯವಾಗಿ ಬೇರೆಯವರ ಸೆಲ್ಲೇ ಬೇಕು, ಮೈಯಲ್ಲಿ ಇನ್ನೂ ಉಳಿದಿರುವ ಕ್ಯಾನ್ಸರ್ ಕಣಗಳನ್ನು ಅಟ್ಟಿಸಿ ಹೊಡೆಯುವುದು ಅದೇ.

ಸುಮ್ನೆ ನನ್ನ ಅಭಿಪ್ರಾಯ ಅಂದುಕೊಳ್ಳಬೇಡಿ. ಮುಂದೆ ತನಗೇ ಬೇಕಾಗುತ್ತದೆ ಅಂತ ಬಳ್ಳಿರಕ್ತ ಎತ್ತಿಡಲು ವೈಜ್ಞಾನಿಕ ಆಧಾರ ಇಲ್ಲ ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಬರೆದಿದೆ. ಮನೆಯಲ್ಲಿ ಆಗಲೇ ಇಂಥ ಕಾಯಿಲೆಯ ಮಗು ಇದ್ದು, ಎರಡನೆಯದು ಹುಟ್ಟುತ್ತಿದ್ದರೆ ಮಾತು ಬೇರೆ. ಆಗ ರಕ್ತರೋಗದ ಡಾಕ್ಟರನ್ನು ಕೇಳಿ, ಸೇಲ್ಸ್‌ನವರನ್ನಲ್ಲ. ಆಟಿಸಂಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತೇವೆ ಅನ್ನುವ ಕ್ಲಿನಿಕ್‌ಗಳಂತೂ ದೂರವೇ ಇರಲಿ.

ನಿಜವಾಗಿ ಕೊರತೆ ಇರುವುದು ಸ್ಟೆಮ್ ಸೆಲ್ ದಾನಿಗಳದ್ದು. ದಾನಿಗೂ ರೋಗಿಗೂ ಎಚ್‌ಎಲ್‌ಎ, ಅಂದರೆ ಇದು ನಮ್ಮದೋ ಬೇರೆಯವರದೋ ಅಂತ ಮೈ ಗುರುತು ಹಿಡಿಯುವ ಕಣದ ಗುರುತು, ಹೊಂದಬೇಕು. ಒಬ್ಬ ಅಣ್ಣನೋ ತಂಗಿಯೋ ಪೂರ್ತಿ ಹೊಂದುವ ಸಾಧ್ಯತೆ ನೂರಕ್ಕೆ 25 ಅಷ್ಟೇ. ಇಲ್ಲದಿದ್ದರೆ ಹೊರಗಿನವರನ್ನು ಹುಡುಕಬೇಕು. ಎಚ್‌ಎಲ್‌ಎ ವಂಶದ ಜೊತೆ ಬರುವುದರಿಂದ ನಮ್ಮವರಿಗೆ ನಮ್ಮವರೇ ಹೊಂದುವುದು ಜಾಸ್ತಿ. ಅಮೆರಿಕದಲ್ಲಿರುವ ಕನ್ನಡಿಗರೂ ಅಲ್ಲಿನ ದಾನಿಗಳ ಪಟ್ಟಿಗೆ ಹೆಸರು ಕೊಟ್ಟರೆ ಬಹಳ ಉಪಕಾರ. ಇಲ್ಲಿ ಇಂಥ ಪಟ್ಟಿ ಇಟ್ಟಿರುವ ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಇದೆ, ಚೆನ್ನೈನ ದಾತ್ರಿ ಇದೆ. ಹತ್ತಿ ಕಡ್ಡಿಯನ್ನು ಕೆನ್ನೆಯ ಒಳಗೆ ಉಜ್ಜಿ ಕೊಟ್ಟರೆ ಸಾಕು.

ನಿಮ್ಮದು ಹೊಂದಿತು ಅನ್ನಿ. ಸ್ಟೆಮ್ ಸೆಲ್ ರಕ್ತಕ್ಕೆ ಇಳಿಯಲಿ ಅಂತ ಸಾಮಾನ್ಯವಾಗಿ ನಾಲ್ಕೈದು ದಿನ ಇಂಜೆಕ್ಷನ್ ಕೊಡುತ್ತಾರೆ. ಮೈಕೈ ನೋವು, ತಲೆನೋವು ಬರುತ್ತದೆ, ಆಮೇಲೆ ಹೋಗುತ್ತದೆ. ಕೊನೆಗೆ ಒಂದು ಕೈಯಿಂದ ರಕ್ತ ಮಷೀನಿಗೆ ಹೋಗುತ್ತದೆ, ಸ್ಟೆಮ್ ಸೆಲ್ ಅಲ್ಲಿ ಉಳಿಯುತ್ತದೆ, ಮಿಕ್ಕಿದ್ದು ಇನ್ನೊಂದು ಕೈಗೆ ವಾಪಸ್. ನಾಲ್ಕೈದು ಗಂಟೆ ಮಲಗಿರಬೇಕು. ಬೆನ್ನುಮೂಳೆಗೆ ಸೂಜಿ ಹಾಕುತ್ತಾರೆ ಅನ್ನುವುದು ಬರೀ ಗಾಳಿಸುದ್ದಿ.

ಆದರೆ ಹುರುಪಿನಲ್ಲಿ ಹೆಸರು ಕೊಟ್ಟು, ಕರೆ ಬಂದಾಗ "ಅಮ್ಮ ಬೇಡ ಅಂತಾರೆ" ಅನ್ನಬೇಡಿ. ಬೇಡ ಅನ್ನುವ ಹಕ್ಕು ನಿಮಗೆ ಯಾವಾಗಲೂ ಇದೆ, ನಿಜ. ಆದರೆ ಹೊಸ ಸೆಲ್ ಹಾಕುವ ಕೆಲವು ದಿನ ಮೊದಲೇ ಕೀಮೋ ಕೊಟ್ಟು ರೋಗಿಯ ಮೂಳೆಮಜ್ಜೆ ಖಾಲಿ ಮಾಡಿರುತ್ತಾರೆ. ಆ ಹೊತ್ತಿಗೆ ದಾನಿ ಹಿಂದೆ ಸರಿದರೆ ರೋಗಿಯ ಜೀವಕ್ಕೇ ಅಪಾಯ. ಅಮ್ಮನ ಹತ್ತಿರ ಇವತ್ತು ರಾತ್ರಿಯೇ ಮಾತಾಡಿ, ಆಮೇಲೆ ಫಾರ್ಮ್ ತುಂಬಿ.