ಬಲಗಡೆಯ ಅಕ್ಷಕ್ಕೂ ಒಂದು ಲೆಕ್ಕವಿರಲಿ

ನಮಸ್ಕಾರ. ಎಡಕ್ಕೆ ಉಷ್ಣಾಂಶ, ಬಲಕ್ಕೆ ಮಳೆ ಎಂದು ಒಂದೇ ಗ್ರಾಫಿನಲ್ಲಿ ಎರಡು ವೈ ಅಕ್ಷಗಳನ್ನು ಎಳೆಯುವುದು ಈಗ ಒಂದು ಸಾಲಿನ ಕೋಡಿನ ಕೆಲಸ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಎಳೆಯುವ ಸಾಧನವಾದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ಟ್ವಿನ್‌ಎಕ್ಸ್’ ಎಂದು ಬರೆದರೆ ಸಾಕು, ಬಲಗಡೆ ಇನ್ನೊಂದು ಅಕ್ಷ ಬಂದು ನಿಲ್ಲುತ್ತದೆ. ಆದರೆ ಅದಕ್ಕೂ ಎಡಗಡೆಯ ಅಕ್ಷಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ಎಡಗಡೆ 0, 10, 20, 30, 40 ಎಂದು ಐದು ಗುರುತುಗಳು, ಬಲಗಡೆ 0ಯಿಂದ 250ರವರೆಗೆ ಐವತ್ತರಂತೆ ಆರು ಗುರುತುಗಳು ಇವೆ ಎಂದುಕೊಳ್ಳಿ. ಎರಡರ ಗುರುತುಗಳಿಂದಲೂ ಅಡ್ಡಗೆರೆಗಳ ಗ್ರಿಡ್ ಹಾಕಿದರೆ ಆ ಗೆರೆಗಳು ಒಂದರ ಮೇಲೊಂದು ಕೂರುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಬಲಗಡೆಯ ಮಿತಿಯನ್ನು 250ರಿಂದ 400ಕ್ಕೆ ಏರಿಸಿದರೆ ಮಳೆಯ ಗೆರೆ ತಗ್ಗಿ, ಎರಡೂ ಗೆರೆಗಳು ಸಂಧಿಸುವ ಜಾಗವೇ ಸರಿದುಹೋಗುತ್ತದೆ, ಆದರೆ ದತ್ತಾಂಶದ ಒಂದು ಅಂಕಿಯೂ ಬದಲಾಗಿರುವುದಿಲ್ಲ. ಗ್ರಾಫ್ ಎಳೆಯುವ ಇನ್ನೊಂದು ಸಾಧನವಾದ ಪ್ಲಾಟ್ಲಿಯಲ್ಲಿರುವ ‘ಸಿಂಕ್’ ಆಯ್ಕೆ ಎರಡೂ ಬದಿಯ ಗುರುತುಗಳನ್ನು ಒಂದೇ ಗೆರೆಗೆ ತರುತ್ತದೆ; ಕಣ್ಣಿಗೆ ಹಿತವೆನಿಸುತ್ತದೆ, ನಿಜ, ಆದರೆ ಆ ಸಂಧಿಗೆ ಅದರಿಂದ ಅರ್ಥವೇನೂ ಬರುವುದಿಲ್ಲ.

ಅರ್ಥ ಬರುವುದು ಹೇಗೆಂಬುದನ್ನು ಜರ್ಮನಿಯ ಸಸ್ಯವಿಜ್ಞಾನಿಗಳಾದ ಹೈನ್ರಿಷ್ ವಾಲ್ಟರ್ ಮತ್ತು ಹೆಲ್ಮುಟ್ ಲೀತ್ ಅವರ ಹವಾಮಾನ ಗ್ರಾಫುಗಳಲ್ಲಿ ನೋಡಬೇಕು. ಅಲ್ಲಿ 10 ಡಿಗ್ರಿ ಸೆಲ್ಸಿಯಸ್‌ಗೆ 20 ಮಿಲಿಮೀಟರ್ ಮಳೆ ಎಂಬ ಲೆಕ್ಕವನ್ನು ಮೊದಲೇ ಕಟ್ಟಿಡಲಾಗಿದೆ. ಹಾಗಾಗಿ ಮಳೆಯ ಗೆರೆ ಉಷ್ಣಾಂಶದ ಗೆರೆಗಿಂತ ಕೆಳಗಿಳಿದ ತಿಂಗಳುಗಳನ್ನು ಶುಷ್ಕ ಕಾಲವೆಂದು ಓದಬಹುದು. ತಿಂಗಳ ಮಳೆ 100 ಮಿಲಿಮೀಟರ್ ದಾಟಿದ ಮೇಲೆ ಮಳೆಯ ಮಾನವನ್ನು ಹತ್ತನೇ ಒಂದು ಭಾಗಕ್ಕೆ ಕುಗ್ಗಿಸುತ್ತಾರೆ. ಆ ಕುಗ್ಗುವಿಕೆಯೂ ಮೊದಲೇ ಗೊತ್ತುಮಾಡಿದ ನಿಯಮವೇ.

ಅಂಕಿಅಂಶಗಳ ಕೆಲಸಕ್ಕೆ ಬಳಸುವ ಆರ್ ಭಾಷೆಯ ಗ್ರಾಫ್ ಸಾಧನ ಜಿಜಿಪ್ಲಾಟ್2 ಇದೇ ಶಿಸ್ತನ್ನು ಕೇಳುತ್ತದೆ. 2016ರಲ್ಲಿ ಅದಕ್ಕೆ ಎರಡನೆಯ ಅಕ್ಷ ಸೇರಿದಾಗ, ಅದು ಮೊದಲನೆಯದರ ಪರಿವರ್ತನೆಯೇ ಆಗಿರಬೇಕೆಂಬ ಷರತ್ತೂ ಜೊತೆಗೇ ಬಂತು. 10 ಡಿಗ್ರಿಗೆ 20 ಮಿಲಿಮೀಟರ್ ಎಂಬ ಮೇಲಿನ ಲೆಕ್ಕವನ್ನೇ ಹಿಡಿದರೆ, ಮಳೆಯ ಅಂಕಿಗಳನ್ನು ನೀವೇ ಎರಡರಿಂದ ಭಾಗಿಸಿ ಗೆರೆ ಎಳೆಯಬೇಕು, ಬಲಗಡೆಯ ಅಕ್ಷಕ್ಕೆ ಎರಡರಿಂದ ಗುಣಿಸೆಂದು ಹೇಳಬೇಕು. ಇದು ಕಿರಿಕಿರಿ ಎನ್ನುವವರಿದ್ದಾರೆ. ನನಗೆ ಮಾತ್ರ ಇದು ಬಹಳ ಬೆಲೆಯುಳ್ಳ ಕಿರಿಕಿರಿ, ಏಕೆಂದರೆ ಆ ‘ಎರಡು’ ಎಲ್ಲಿಂದ ಬಂತೆಂದು ಬರೆಯುವವರೇ ಯೋಚಿಸಬೇಕಾಗುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ಗೂ 2019ರಲ್ಲಿ ‘ಸೆಕೆಂಡರಿ ವೈಆ್ಯಕ್ಸಿಸ್’ ಬಂತು. ಅದು ಎಡಗಡೆಯ ಅಂಕಿಯಿಂದ ಬಲಗಡೆಯದಕ್ಕೆ ಹೋಗುವ ಸೂತ್ರ, ಅಲ್ಲಿಂದ ಮರಳುವ ಸೂತ್ರ ಎರಡನ್ನೂ ಕೇಳುತ್ತದೆ. ಟ್ವಿನ್‌ಎಕ್ಸನ್ನೇ ಬಳಸುವುದಾದರೆ, ಎಡಗಡೆಯ ಮಿತಿ ಮತ್ತು ಗುರುತುಗಳನ್ನು ಅದೇ ಸೂತ್ರದಿಂದ ಗುಣಿಸಿ ಬಲಕ್ಕೆ ಕೊಡಿ.

ಹೇಳಲು ಸೂತ್ರವೇ ಇಲ್ಲದಿದ್ದಲ್ಲಿ ಎರಡು ಗ್ರಾಫುಗಳನ್ನು ಒಂದರ ಕೆಳಗೊಂದು ಇಟ್ಟು, ತಿಂಗಳುಗಳ ಅಕ್ಷವನ್ನಷ್ಟೇ ಹಂಚಿಕೊಳ್ಳಲು ಬಿಡಿ.